ಯೆನ್ ಇಳಿದಾಗ ಜಪಾನಿನಿಂದ ಬ್ರಿಟನ್ನಿಗೆ ಕಾರು ತರಿಸುವುದು: ಹರಾಜಿನಿಂದ ನಂಬರ್ ಪ್ಲೇಟಿನವರೆಗೆ

ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆಂದು ಬಂದಿಳಿದರೆ ನಮ್ಮ ಮನೆಯಲ್ಲಿ ಆರು ಜನ. ಹೀಥ್ರೂ ವಿಮಾನ ನಿಲ್ದಾಣದಿಂದ ಎರಡು ಕಾರುಗಳಲ್ಲಿ ಮನೆ ಸೇರಬೇಕಾಗುತ್ತಿತ್ತು. ಮಂಡಿ ನೋವಿನ ಅಮ್ಮನಿಗೆ ಎತ್ತರದ ಗಾಡಿ ಹತ್ತಲಾಗದು, ತಗ್ಗಿನ ಕಾರಿನಿಂದ ಏಳಲಾಗದು. ಪಕ್ಕಕ್ಕೆ ಜಾರುವ ಬಾಗಿಲು, ಕೆಳಮಟ್ಟದ ಮೆಟ್ಟಿಲು, ಏಳೆಂಟು ಸೀಟು ಎಲ್ಲವೂ ಇರುವ ಟೊಯೊಟಾ ಆಲ್ಫರ್ಡ್ ಬೇಕೆನಿಸಿದ್ದು ಹಾಗೆ. ಬೆಂಗಳೂರಿನ ದೊಡ್ಡ ಹೋಟೆಲುಗಳ ಮುಂದೆ ಕಾಣುವ ವೆಲ್‌ಫೈರ್ ಇದರ ಒಡಹುಟ್ಟು. ಆಲ್ಫರ್ಡನ್ನು ಟೊಯೊಟಾ ಬ್ರಿಟನ್ನಿನಲ್ಲಿ ಅಧಿಕೃತವಾಗಿ ಮಾರಿಲ್ಲ. ಇಲ್ಲಿನ ರಸ್ತೆಗಳಲ್ಲಿ ಓಡುತ್ತಿರುವ ಹಳೆಯ ಆಲ್ಫರ್ಡ್‌ಗಳೆಲ್ಲ ಜಪಾನಿನಲ್ಲಿ ಬಳಕೆಯಾಗಿ ಹಡಗು ಹತ್ತಿ ಬಂದವು.

ಜಪಾನಿನಲ್ಲೂ ರಸ್ತೆಯ ಎಡಬದಿಯ ಸಂಚಾರವೇ ಆದ್ದರಿಂದ ಸ್ಟಿಯರಿಂಗ್ ಬಲಗಡೆಗೇ ಇರುತ್ತದೆ. ಅಲ್ಲಿನ ಗಾಡಿಗಳಿಗೆ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆ ಉಂಟು, ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ಅದರ ಖರ್ಚು ಭಾರಿ. ಹಾಗಾಗಿ ತಪಾಸಣೆ ಹತ್ತಿರ ಬಂದಾಗ ಇನ್ನೂ ಗಟ್ಟಿಮುಟ್ಟಾಗಿರುವ ಕಾರನ್ನೂ ಅಲ್ಲಿನವರು ಮಾರಿಬಿಡುತ್ತಾರೆ, ಅವು ಹರಾಜಿಗೆ ಬರುತ್ತವೆ. ಇದರ ಜೊತೆಗೆ ಯೆನ್ ಬೆಲೆಯೂ ಕುಸಿದರೆ ಹೊರಗಿನವರಿಗೆ ಒಳ್ಳೆಯ ಕಾಲ.

ನಾನು ಎರಡು ಸಲ ತರಿಸಿದ್ದೇನೆ. ಒಂದು ಕೈಸುಟ್ಟಿತು, ಇನ್ನೊಂದು ಇಂದಿಗೂ ಮನೆಯ ಮುಂದೆ ನಿಂತಿದೆ. ಎರಡರಿಂದಲೂ ಕಲಿತ ಮಾತು ಒಂದೇ: ವಿನಿಮಯ ದರದಲ್ಲಿ ಉಳಿಯುವ ಹಣವನ್ನು ಇನ್ನೂ ದೊಡ್ಡ ಗಾಡಿಗೆ ಸುರಿಯಬೇಡಿ, ಅದೇ ಮಾದರಿಯಲ್ಲಿ ಸ್ಥಿತಿ ಒಂದು ದರ್ಜೆ ಮೇಲಿರುವ ಗಾಡಿಗೆ ಹಾಕಿ. ಮುಂದಿನ ಪ್ರತಿಯೊಂದು ಹಂತವನ್ನೂ ಈ ಮಾತಿನ ಮೇಲೆಯೇ ಬರೆದಿದ್ದೇನೆ.

ಮೊದಲು ಲೆಕ್ಕದ ಹಾಳೆ

ಒಂದು ಪೌಂಡಿಗೆ ಎಷ್ಟು ಯೆನ್ ಎಂಬುದು ಎಷ್ಟು ಜಿಗಿದಾಡುತ್ತದೆ ನೋಡಿ. 2007ರಲ್ಲಿ ಸುಮಾರು 250 ಇತ್ತು. 2011ರಲ್ಲಿ 120ಕ್ಕಿಂತ ಕೆಳಗೆ ಬಿತ್ತು. 2015ರ ನಡುವಿನಲ್ಲಿ 195ರ ಆಸುಪಾಸಿಗೆ ಏರಿ, ಬ್ರೆಕ್ಸಿಟ್ ಮತದಾನದ ನಂತರ 2016ರಲ್ಲಿ 130ರ ಕೆಳಗೆ ಇಳಿಯಿತು. 2024ರ ಜುಲೈಯಲ್ಲಿ 208ರವರೆಗೆ ಹೋಯಿತು. ಆ ತಿಂಗಳ ಕೊನೆಯ ದಿನ ಬ್ಯಾಂಕ್ ಆಫ್ ಜಪಾನ್ ಬಡ್ಡಿ ದರವನ್ನು 0.25%ಕ್ಕೆ ಏರಿಸಿತು. ಆಗಸ್ಟ್ ಮೊದಲ ವಾರದಲ್ಲೇ ಪೌಂಡ್ 185 ಯೆನ್‌ಗಿಂತ ಕೆಳಗಿತ್ತು. ನಾಲ್ಕು ವಾರದೊಳಗೆ ಹತ್ತಕ್ಕೊಂದು ಪಾಲಿಗಿಂತ ಹೆಚ್ಚು ಕರಗಿಹೋಯಿತು. ಕಾರು ಜಪಾನಿನಿಂದ ಇಲ್ಲಿಗೆ ಬರಲು ಅದರ ಎರಡರಷ್ಟು ಸಮಯ ಬೇಕು.

ಈಗ ಒಂದು ಉದಾಹರಣೆ. ಹರಾಜಿನ ಬೆಲೆ 9,00,000 ಯೆನ್ ಎಂದುಕೊಳ್ಳಿ. ಹರಾಜು ಕೇಂದ್ರದ ಶುಲ್ಕ, ಏಜೆಂಟರ ಕಮಿಷನ್, ಬಂದರಿನವರೆಗಿನ ಸಾಗಣೆ, ಕಾಗದಪತ್ರ ಎಲ್ಲ ಸೇರಿ 1,50,000. ಒಟ್ಟು 10,50,000 ಯೆನ್. ಹಡಗಿನ ಬಾಡಿಗೆ ಮತ್ತು ವಿಮೆಗೆ 1,300 ಪೌಂಡ್ ಹಿಡಿಯೋಣ.

ಪೌಂಡಿಗೆ 150 ಯೆನ್ ಇದ್ದರೆ ಗಾಡಿಗೆ 7,000 ಪೌಂಡ್. ಹಡಗಿನ ಖರ್ಚು ಸೇರಿ 8,300. ಅದರ ಮೇಲೆ 10% ಆಮದು ಸುಂಕ 830. ಸುಂಕವೂ ಸೇರಿದ ಮೊತ್ತದ ಮೇಲೆ 20% ವ್ಯಾಟ್ 1,826. ಒಟ್ಟು 10,956 ಪೌಂಡ್.

ಪೌಂಡಿಗೆ 200 ಯೆನ್ ಇದ್ದರೆ ಅದೇ ಗಾಡಿ 5,250. ಹಡಗು ಸೇರಿ 6,550. ಸುಂಕ 655, ವ್ಯಾಟ್ 1,441. ಒಟ್ಟು 8,646 ಪೌಂಡ್.

ಗಾಡಿಯ ಬೆಲೆಯಲ್ಲಿ ಇಳಿದದ್ದು 1,750. ಕೈಯಲ್ಲಿ ಉಳಿದದ್ದು 2,310. ತೆರಿಗೆಗಳು ಬೆಲೆಯ ಮೇಲೆ ಕುಳಿತಿರುವುದರಿಂದ ಬೆಲೆ ಇಳಿದಾಗ ಅವೂ ಇಳಿಯುತ್ತವೆ, ಬೆಲೆಯಲ್ಲಿ ಒಂದು ಪೌಂಡ್ ಇಳಿದರೆ ಕೈಯಲ್ಲಿ 1.32 ಪೌಂಡ್ ಉಳಿಯುತ್ತದೆ. ಇದು ಸಿಹಿ ಸುದ್ದಿ. ಆದರೆ ಇಲ್ಲಿನ ಬಂದರಿನ ಖರ್ಚು, ಟ್ರಕ್ ಬಾಡಿಗೆ, ಟೈರು, ತಪಾಸಣೆ, ನೋಂದಣಿ, ತುಕ್ಕು ತಡೆಯುವ ಲೇಪನ ಇವೆಲ್ಲ ಪೌಂಡಿನಲ್ಲೇ ನಡೆಯುವ ವ್ಯವಹಾರ. ಅದಕ್ಕೆ 1,500 ಹಿಡಿದರೆ ಯೆನ್ ಎಲ್ಲಿದ್ದರೂ ಅದು 1,500ವೇ. ಹಾಗಾಗಿ ಪೌಂಡಿನ ಲೆಕ್ಕದಲ್ಲಿ ಯೆನ್ 25% ಅಗ್ಗವಾದರೂ ನಂಬರ್ ಪ್ಲೇಟ್ ಹಾಕಿಸುವ ಹೊತ್ತಿಗೆ ನಿಮ್ಮ ಒಟ್ಟು ಖರ್ಚು ಇಳಿಯುವುದು 18%ದಷ್ಟು ಮಾತ್ರ.

ಇನ್ನೊಂದು ವಿಷಯ. ಯೆನ್ ಅಗ್ಗವಾದ ಸುದ್ದಿ ನಿಮ್ಮೊಬ್ಬರಿಗೇ ತಲುಪುವುದಿಲ್ಲ. ನ್ಯೂಜಿಲೆಂಡ್, ದುಬೈ, ಪೂರ್ವ ಆಫ್ರಿಕಾದ ವ್ಯಾಪಾರಿಗಳೂ ಅದೇ ಹರಾಜಿಗೆ ಬರುತ್ತಾರೆ, ಯೆನ್ ಲೆಕ್ಕದ ಬೆಲೆ ಏರುತ್ತದೆ. ಮೇಲಿನ ಉದಾಹರಣೆಯಲ್ಲಿ ಹರಾಜಿನ ಬೆಲೆ 20% ಏರಿದರೆ 1,80,000 ಯೆನ್ ಹೆಚ್ಚಾಯಿತು. 200ರ ದರದಲ್ಲಿ ಅದು 900 ಪೌಂಡ್, ತೆರಿಗೆ ಸೇರಿ 1,188. ಉಳಿತಾಯದ ಅರ್ಧ ಅಲ್ಲಿಗೇ ಹೋಯಿತು. ಆದ್ದರಿಂದ ದರವನ್ನಷ್ಟೇ ನೋಡಿ ಹಿಗ್ಗಬೇಡಿ. ನಿಮಗೆ ಬೇಕಾದ ಮಾದರಿ ಕಳೆದ ಮೂರು ತಿಂಗಳಲ್ಲಿ ಎಷ್ಟು ಯೆನ್‌ಗೆ ಮಾರಾಟವಾಗಿದೆ ಎಂಬ ಪಟ್ಟಿಯನ್ನು ಏಜೆಂಟರಿಂದ ಕೇಳಿ ಪಡೆಯಿರಿ. ಅದನ್ನು ಕೊಡಲು ಹಿಂಜರಿಯುವವರ ಸಹವಾಸ ಬೇಡ.

ಕೊನೆಗೆ, ಇಲ್ಲಿಯೇ ನೋಂದಣಿಯಾಗಿ ಮಾರಾಟಕ್ಕಿರುವ ಅಂಥದೇ ಗಾಡಿಯ ಬೆಲೆಯ ಪಕ್ಕದಲ್ಲಿ ನಿಮ್ಮ ಒಟ್ಟು ಮೊತ್ತವನ್ನು ಬರೆಯಿರಿ. ವ್ಯತ್ಯಾಸ ಸಾವಿರ ಪೌಂಡಿಗಿಂತ ಕಡಿಮೆಯಿದ್ದರೆ ಇಲ್ಲಿರುವುದನ್ನೇ ಕಣ್ಣಾರೆ ನೋಡಿ ಕೊಳ್ಳಿ ಎನ್ನುವುದು ನನ್ನ ಸಲಹೆ.

ಗಾಡಿಯ ವಯಸ್ಸು

ಇದನ್ನು ಮಾದರಿಗಿಂತ ಮೊದಲೇ ನಿರ್ಧರಿಸಿ. ಹತ್ತು ವರ್ಷ ದಾಟಿದ ಗಾಡಿಗೆ ಬ್ರಿಟನ್ನಿನಲ್ಲಿ ಪ್ರತ್ಯೇಕ ವಾಹನ ಅನುಮೋದನೆ ಬೇಡ. ರಸ್ತೆ ಯೋಗ್ಯತೆಯ ಎಂಒಟಿ ಪರೀಕ್ಷೆ ಪಾಸಾದರೆ ನೋಂದಣಿಗೆ ಹೋಗಬಹುದು. ಹತ್ತರೊಳಗಿನದಾದರೆ ‘ಐವಿಎ’ ಎಂಬ ಬಿಡಿ ವಾಹನ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಹಣವೂ ಬೇಕು, ತಿಂಗಳುಗಟ್ಟಲೆ ತಾಳ್ಮೆಯೂ ಬೇಕು. ಮೊದಲ ಸಲ ತರಿಸುವವರು ಹತ್ತು ದಾಟಿದ್ದನ್ನೇ ಆರಿಸಿಕೊಳ್ಳಿ. ಮೂವತ್ತು ವರ್ಷ ದಾಟಿದ, ಮೂಲ ಸ್ಥಿತಿಯಲ್ಲೇ ಇರುವ, ತಯಾರಿಕೆ ನಿಂತುಹೋದ ಗಾಡಿಯನ್ನು ಸಂಗ್ರಹಯೋಗ್ಯ ವಸ್ತುವೆಂದು ಪರಿಗಣಿಸಿದರೆ ಸುಂಕವಿಲ್ಲ, ವ್ಯಾಟ್ 5% ಮಾತ್ರ. ಆದರೆ ಅದು ದಿನಬಳಕೆಯ ಕುಟುಂಬದ ಗಾಡಿಯ ಮಾತಲ್ಲ.

ಜಪಾನಿನ ಕಾಗದಗಳಲ್ಲಿ ವರ್ಷವನ್ನು ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ ಬರೆಯುತ್ತಾರೆ. ಹೇಸೇಯ್ ವರ್ಷಕ್ಕೆ 1988 ಕೂಡಿಸಿ, ರೇವಾ ವರ್ಷಕ್ಕೆ 2018 ಕೂಡಿಸಿ. ಹೇಸೇಯ್ 22 ಎಂದಿದ್ದರೆ 2010.

ಲಂಡನ್ನಿನ ಕನ್ನಡಿಗರಿಗೆ ಒಂದು ಎಚ್ಚರಿಕೆ. 2023ರ ಆಗಸ್ಟ್ 29ರಿಂದ ನಗರದ ಎಲ್ಲ ಬರೋಗಳೂ, ಅಂದರೆ ಆಡಳಿತ ವಿಭಾಗಗಳೂ, ‘ಯೂಲೆಜ್’ ಎಂಬ ಹೊಗೆ ನಿಯಂತ್ರಣ ವಲಯದ ವ್ಯಾಪ್ತಿಯಲ್ಲಿವೆ. ಪೆಟ್ರೋಲ್ ಗಾಡಿ ಯೂರೋ 4 ಎಂಬ ಹೊಗೆ ಮಾನದಂಡದ ಮಟ್ಟದ್ದಲ್ಲವಾದರೆ ದಿನಕ್ಕೆ 12.50 ಪೌಂಡ್ ತೆರಬೇಕು. ಜಪಾನಿನ ಗಾಡಿಗಳು ಯೂರೋ ಮಾನದಂಡದ ಕಾಗದದೊಂದಿಗೆ ಬರುವುದಿಲ್ಲ. ಹೊಗೆಯ ಪ್ರಮಾಣದ ಪುರಾವೆಯನ್ನು ನೀವೇ ಒದಗಿಸಬೇಕಾಗಿ ಬರಬಹುದು. ಕಾರು ಕೊಳ್ಳುವ ಮೊದಲೇ ಅದೇ ಮಾದರಿ, ಅದೇ ಎಂಜಿನ್ ಇರುವ ಇಲ್ಲಿನ ಒಂದು ಗಾಡಿಯ ನಂಬರನ್ನು ಲಂಡನ್ ಸಾರಿಗೆ ಸಂಸ್ಥೆಯ ತಾಣದಲ್ಲಿ ಹಾಕಿ ನೋಡಿ.

ಏಜೆಂಟರನ್ನು ಹುಡುಕುವುದು

ಜಪಾನಿನ ಹರಾಜು ಕೇಂದ್ರಗಳಲ್ಲಿ ಸದಸ್ಯರಿಗೆ ಮಾತ್ರ ಪ್ರವೇಶ. ಹಾಗಾಗಿ ನಿಮ್ಮ ಪರವಾಗಿ ಕೂಗುವ ಏಜೆಂಟರು ಬೇಕೇ ಬೇಕು. ಜಪಾನಿನಲ್ಲೇ ಇರುವ ರಫ್ತುದಾರರೂ ಇದ್ದಾರೆ, ಬ್ರಿಟನ್ನಿನಲ್ಲಿದ್ದು ಅಲ್ಲಿನವರೊಂದಿಗೆ ಸೇರಿ ಕೆಲಸ ಮಾಡುವವರೂ ಇದ್ದಾರೆ. ಜಪಾನಿನವರಾದರೆ ಬಳಸಿದ ವಾಹನ ರಫ್ತುದಾರರ ಸಂಘವಾದ ಜುಮ್ವಿಯಾದ ಸದಸ್ಯರೇ ಎಂದು ಪರಿಶೀಲಿಸಿ.

ಮೂರು ಪ್ರಶ್ನೆ ಕೇಳಿ. ಕಮಿಷನ್ ನಿಗದಿತ ಮೊತ್ತವೋ, ಬೆಲೆಯ ಮೇಲೆ ಶೇಕಡಾವಾರೋ? ಹರಾಜು ಕೇಂದ್ರದ ಮೂಲ ಬಿಲ್ಲನ್ನು ತೋರಿಸುತ್ತೀರಾ? ಹರಾಜಿಗೆ ಮುನ್ನ ನಿಮ್ಮವರೊಬ್ಬರು ಹೋಗಿ ಗಾಡಿಯ ಅಡಿಭಾಗದ ಚಿತ್ರ ತೆಗೆದು ಕಳಿಸುತ್ತಾರಾ? ಕೊನೆಯ ಪ್ರಶ್ನೆಗೆ ‘ಹೌದು’ ಎನ್ನುವವರಿಗೆ ಹತ್ತಿಪ್ಪತ್ತು ಸಾವಿರ ಯೆನ್ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ನಕಲಿ ರಫ್ತುದಾರರೂ ಇದ್ದಾರೆ. ಮಾರುಕಟ್ಟೆಗಿಂತ ಅರ್ಧ ಬೆಲೆಗೆ ‘ಸ್ಟಾಕಿನಲ್ಲಿದೆ’ ಎನ್ನುವ ಗಾಡಿ, ಕಂಪನಿಯ ಹೆಸರಿಗೆ ಬದಲು ವ್ಯಕ್ತಿಯ ಹೆಸರಿನ ಬ್ಯಾಂಕ್ ಖಾತೆ, ಜಪಾನಿನ ಹೊರಗಿನ ಯಾವುದೋ ದೇಶದ ಖಾತೆಗೆ ಹಣ ಹಾಕಿ ಎನ್ನುವ ಕೊನೆಗಳಿಗೆಯ ಇಮೇಲ್, ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ.

ಯೆನ್ ಮೊದಲು, ಗಾಡಿ ಆಮೇಲೆ

ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ಹರಾಜು ಗೆದ್ದ ಮೇಲೆ ಹಣ ಕಟ್ಟಲು ಸಿಗುವುದು ಕೆಲವೇ ದಿನ. ಆ ವಾರ ದರ ಬಿದ್ದಿದ್ದರೆ ಬಿದ್ದ ದರಕ್ಕೇ ಯೆನ್ ಕೊಳ್ಳಬೇಕು, ಬೇರೆ ದಾರಿಯಿಲ್ಲ. ನಾನು ಎರಡನೆಯ ಸಲ ಮಾಡಿದ್ದು ಹೀಗೆ: ಬಹುಕರೆನ್ಸಿ ಖಾತೆಯೊಂದನ್ನು ತೆರೆದು, ದರ ಒಪ್ಪುವಂತಿದ್ದಾಗ ಬೇಕಾದ ಯೆನ್‌ನ ಮುಕ್ಕಾಲು ಪಾಲನ್ನು ಮೂರು ಕಂತುಗಳಲ್ಲಿ ಕೊಂಡಿಟ್ಟೆ. ಉಳಿದ ಕಾಲು ಪಾಲನ್ನು ಹರಾಜು ಗೆದ್ದ ದಿನ ಕೊಂಡೆ. ಅತ್ಯುತ್ತಮ ದರ ನನಗೆ ಸಿಗಲಿಲ್ಲ. ಆದರೆ ಹರಾಜಿನ ದಿನ ಯೆನ್ ಎಲ್ಲಿದೆ ಎಂದು ಮೊಬೈಲ್ ನೋಡುತ್ತ ಕೂರುವ ಸಂಕಟ ತಪ್ಪಿತು.

ಸಾಮಾನ್ಯ ಬ್ಯಾಂಕುಗಳು ಮಾರುಕಟ್ಟೆ ದರಕ್ಕೂ ತಮ್ಮ ದರಕ್ಕೂ ನಡುವೆ ದೊಡ್ಡ ಅಂತರ ಇಟ್ಟಿರುತ್ತವೆ. ‘ಶುಲ್ಕವಿಲ್ಲ’ ಎಂಬ ಬರಹ ನೋಡಿ ಸಮಾಧಾನಪಡಬೇಡಿ, ಎಷ್ಟು ಪೌಂಡಿಗೆ ಎಷ್ಟು ಯೆನ್ ಆ ಕಡೆ ತಲುಪುತ್ತದೆ ಎಂಬ ಒಂದೇ ಅಂಕಿಯನ್ನು ಹೋಲಿಸಿ. 5,250 ಪೌಂಡಿನ ಮೇಲೆ 3% ಅಂತರವೆಂದರೆ 157 ಪೌಂಡ್, ಎರಡು ಟೈರಿನ ದುಡ್ಡು. ಹಣ ವರ್ಗಾಯಿಸುವ ಸಂಸ್ಥೆಗೆ ಬ್ರಿಟನ್ನಿನ ಹಣಕಾಸು ನಿಯಂತ್ರಣ ಪ್ರಾಧಿಕಾರ ಎಫ್‌ಸಿಎಯ ಅನುಮತಿ ಇದೆಯೇ ಎಂದು ಅದರ ನೋಂದಣಿ ಪಟ್ಟಿಯಲ್ಲಿ ನೋಡಿ. ಮುಂದಿನ ದಿನಾಂಕಕ್ಕೆ ಇಂದಿನ ದರವನ್ನು ಕಟ್ಟಿಹಾಕುವ ಮುಂಗಡ ಒಪ್ಪಂದಗಳೂ ಸಿಗುತ್ತವೆ. ಆದರೆ ಹರಾಜು ಗೆಲ್ಲದೆ ಹೋದರೂ ಆ ಒಪ್ಪಂದವನ್ನು ನೀವು ಪೂರೈಸಲೇಬೇಕು.

ಯಾರೂ ಹೇಳದ ಒಂದು ಸೂಕ್ಷ್ಮ ಇದೆ. ಸುಂಕ ಲೆಕ್ಕ ಹಾಕುವಾಗ ಕಂದಾಯ ಇಲಾಖೆ ಎಚ್‌ಎಂಆರ್‌ಸಿ ನೀವು ಹಣ ಕಟ್ಟಿದ ದಿನದ ದರವನ್ನು ಹಿಡಿಯುವುದಿಲ್ಲ. ಅದು ತಿಂಗಳಿಗೊಮ್ಮೆ ಪ್ರಕಟಿಸುವ ತನ್ನದೇ ದರ ಪಟ್ಟಿಯಲ್ಲಿ, ಆಮದು ಘೋಷಣೆ ಸಲ್ಲಿಸಿದ ತಿಂಗಳಿನ ದರವನ್ನು ಹಿಡಿಯುತ್ತದೆ. ನೀವು 200ರಲ್ಲಿ ಹಣ ಕಟ್ಟಿ, ಗಾಡಿ ಕಡಲಿನಲ್ಲಿರುವಾಗ ದರ 180ಕ್ಕೆ ಇಳಿದರೆ, ಅದೇ 10,50,000 ಯೆನ್ ಸುಂಕದ ಲೆಕ್ಕದಲ್ಲಿ 5,833 ಪೌಂಡ್ ಆಗುತ್ತದೆ. ತೆರಿಗೆ ಸುಮಾರು 187 ಪೌಂಡ್ ಹೆಚ್ಚುತ್ತದೆ. ದೊಡ್ಡ ಹೊಡೆತವಲ್ಲ, ಆದರೂ ಆ ಹಣವನ್ನು ಬದಿಗಿಟ್ಟಿರಿ.

ಹರಾಜು ಹಾಳೆಯನ್ನು ಓದುವುದು

ಇಡೀ ಕೆಲಸದ ಜೀವ ಇರುವುದು ಈ ಒಂದು ಹಾಳೆಯಲ್ಲಿ. ಚಿಬಾ ಪ್ರಾಂತ್ಯದ ನೋಡಾದಲ್ಲಿರುವ ಯುಎಸ್‌ಎಸ್ ಟೋಕಿಯೊದಂಥ ದೊಡ್ಡ ಕೇಂದ್ರದಲ್ಲಿ ಪ್ರತಿ ಗುರುವಾರ ಸಾವಿರಾರು ಗಾಡಿಗಳು ಹರಾಜಾಗುತ್ತವೆ, ಒಂದೊಂದಕ್ಕೆ ಸಿಗುವುದು ಕೆಲವು ಸೆಕೆಂಡು. ಕೊಳ್ಳುವವರೆಲ್ಲ ನಂಬುವುದು ಕೇಂದ್ರದ ಪರೀಕ್ಷಕರು ಕೈಯಾರೆ ಬರೆದ ಹಾಳೆಯನ್ನು.

ಮೇಲಿನ ಮೂಲೆಯಲ್ಲಿ ದರ್ಜೆಯ ಅಂಕಿ ಇರುತ್ತದೆ. 5 ಎಂದರೆ ಹೊಸದರಂತೆ, 4.5 ಬಹಳ ಚೆನ್ನ, 4 ಚೆನ್ನ, 3.5 ಎಂದರೆ ಬಳಕೆಯ ಗುರುತುಗಳು ಕಣ್ಣಿಗೆ ಬೀಳುತ್ತವೆ. ‘ಆರ್’ ಅಥವಾ ‘ಆರ್‌ಎ’ ಎಂದಿದ್ದರೆ ಅಪಘಾತವಾಗಿ ರಿಪೇರಿಯಾದದ್ದು. ಪಕ್ಕದಲ್ಲಿ ಒಳಾಂಗಣಕ್ಕೆ ಎ, ಬಿ, ಸಿ ಎಂಬ ಅಕ್ಷರ. ಕೆಳಗೆ ಗಾಡಿಯನ್ನು ಬಿಡಿಸಿ ಹರಡಿದಂಥ ಚಿತ್ರ, ಅದರ ಮೇಲೆ ಸಣ್ಣ ಸಣ್ಣ ಗುರುತು. ‘ಎ’ ಗೀರು, ‘ಯು’ ತಗ್ಗು, ‘ಡಬ್ಲ್ಯು’ ರಿಪೇರಿಯ ಅಲೆ, ‘ಎಸ್’ ತುಕ್ಕು, ‘ಸಿ’ ತಿಂದುಹೋದದ್ದು, ‘ಎಕ್ಸ್’ ಬದಲಿಸಬೇಕಾದದ್ದು, ‘ಎಕ್ಸ್‌ಎಕ್ಸ್’ ಬದಲಿಸಿದ್ದು. ಜೊತೆಯ ಅಂಕಿ ಅದರ ಗಾತ್ರ. ‘ಎ1’ ಉಗುರಿನ ಗೀರು, ‘ಯು3’ ದೂರದಿಂದ ಕಾಣುವ ತಗ್ಗು. ಓಡಿದ ಕಿಲೋಮೀಟರಿನ ಪಕ್ಕದಲ್ಲಿ ನಕ್ಷತ್ರದ ಗುರುತು ಇದ್ದರೆ ಮೀಟರ್ ನಂಬುವಂತಿಲ್ಲ ಎಂದರ್ಥ.

ಇಷ್ಟನ್ನು ಯಾರಾದರೂ ಕಲಿಯಬಹುದು. ನಾನು ಎಡವಿದ್ದು ಚಿತ್ರದ ಪಕ್ಕದ ಚೌಕದಲ್ಲಿ. ಮೊದಲ ಗಾಡಿ ಸುಬಾರು ಫಾರೆಸ್ಟರ್. ದರ್ಜೆ 4, ಒಳಾಂಗಣ ಬಿ. ಚಿತ್ರದಲ್ಲಿ ನಾಲ್ಕೈದು ‘ಎ1’ ಬಿಟ್ಟರೆ ಏನೂ ಇಲ್ಲ. ಪಕ್ಕದ ಚೌಕದಲ್ಲಿ ಪರೀಕ್ಷಕರು ಗೀಚಿದ ಎರಡು ಸಾಲಿನಲ್ಲಿ ‘ಶಿತಾಮಾವಾರಿ ಸಾಬಿ’ ಎಂದಿತ್ತು. ಅಡಿಭಾಗದಲ್ಲಿ ತುಕ್ಕು ಎಂದು ಅದರ ಅರ್ಥ. ಏಜೆಂಟರು ಕಳಿಸಿದ ಅನುವಾದದಲ್ಲಿ ಆ ಮಾತೇ ಇರಲಿಲ್ಲ, ನಾನೂ ಕೇಳಲಿಲ್ಲ. ಗಾಡಿ ಬಂದಿತು, ಬಣ್ಣ ಫಳಫಳ. ಗ್ಯಾರೇಜಿನಲ್ಲಿ ಮೇಲಕ್ಕೆತ್ತಿದಾಗ ಮೆಕ್ಯಾನಿಕ್ ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಸ್ಕ್ರೂಡ್ರೈವರನ್ನು ಇಟ್ಟು ಮೆಲ್ಲಗೆ ಒತ್ತಿದರು. ಅದು ಹುರಿದ ಹಪ್ಪಳಕ್ಕೆ ಬೆರಳು ಹಾಕಿದಂತೆ ಒಳಗೆ ಹೋಯಿತು. ಕಂದು ಪುಡಿ ನೆಲದ ಮೇಲೆ ಉದುರಿತು. ಎಂಒಟಿ ಫೇಲ್. ಬೆಸುಗೆಗೆ 900 ಪೌಂಡ್ ಹೋಯಿತು, ಯೆನ್ ದರದಲ್ಲಿ ನಾನು ಉಳಿಸಿದೆನೆಂದು ಹೆಮ್ಮೆಪಟ್ಟ ಮೊತ್ತಕ್ಕಿಂತ ಹೆಚ್ಚು.

ಆ ಗಾಡಿ ಹೊಕ್ಕೈಡೊದ್ದು. ಜಪಾನಿನ ಉತ್ತರದಲ್ಲಿ, ಪಶ್ಚಿಮದ ಹಿಮ ಬೀಳುವ ಕರಾವಳಿಯಲ್ಲಿ ಚಳಿಗಾಲದುದ್ದಕ್ಕೂ ಗಾಡಿಗಳು ಹಿಮ ಮತ್ತು ಉಪ್ಪಿನಲ್ಲಿ ಓಡುತ್ತವೆ. ಹಾಗಾಗಿ ಗಾಡಿ ಯಾವ ಊರಿನ ನಂಬರ್ ಪ್ಲೇಟ್ ಹೊತ್ತಿದೆ ಎಂದು ಕೇಳಿ. ಪ್ಲೇಟಿನ ಮೇಲುಸಾಲಿನಲ್ಲಿ ನೋಂದಣಿಯ ಊರಿನ ಹೆಸರು ಇರುತ್ತದೆ. ಸಪ್ಪೊರೊ, ಅಸಾಹಿಕಾವಾ ಎಂದರೆ ಕೈಬಿಡಿ. ನಗೋಯಾ, ಒಸಾಕಾ, ಫುಕುಒಕಾ ಎಂದರೆ ಮುಂದೆ ಓದಿ. ಟೋಕಿಯೊದ ಹರಾಜಿನಲ್ಲಿದೆ ಎಂದಮಾತ್ರಕ್ಕೆ ಅದು ಟೋಕಿಯೊದ ಗಾಡಿಯಲ್ಲ.

ಹಾಳೆಯಲ್ಲಿ ಕೈಬರಹದ ಪ್ರತಿ ಸಾಲನ್ನೂ ಅನುವಾದಿಸಿ ಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಜಪಾನಿ ಬಲ್ಲ ಇನ್ನೊಬ್ಬರಿಗೂ ಅದನ್ನೇ ತೋರಿಸಿ. ಬೆಂಗಳೂರಿನ ಜಪಾನಿ ಕಂಪನಿಯೊಂದರಲ್ಲಿ ಅನುವಾದಕಿಯಾಗಿರುವ ನನ್ನ ಚಿಕ್ಕಮ್ಮನ ಮಗಳು ಎರಡನೆಯ ಸಲ ಹನ್ನೊಂದು ಹಾಳೆಗಳನ್ನು ಓದಿ ಹೇಳಿದಳು. ಅವುಗಳಲ್ಲಿ ಕೆಲವನ್ನು ಅವಳ ಮಾತಿನ ಮೇಲೆಯೇ ಕೈಬಿಟ್ಟೆ.

ಹರಾಜಿನ ದಿನ

ಗರಿಷ್ಠ ಬೆಲೆಯನ್ನು ಹಿಂದಿನ ದಿನವೇ ಯೆನ್‌ನಲ್ಲಿ ಬರೆದುಕೊಡಿ. ಪೌಂಡಿನಲ್ಲಿ ಕೊಟ್ಟರೆ ಯಾರ ದರ ಎಂಬ ಗೊಂದಲ ಬರುತ್ತದೆ. ಲೆಕ್ಕದ ಹಾಳೆಯಿಂದ ಹಿಂದಕ್ಕೆ ಬನ್ನಿ: ಒಟ್ಟು ಎಷ್ಟು ಖರ್ಚು ಮಾಡಬಲ್ಲಿರಿ, ಅದರಿಂದ ಇಲ್ಲಿನ ಖರ್ಚು ಕಳೆಯಿರಿ, ಉಳಿದುದನ್ನು 1.32ರಿಂದ ಭಾಗಿಸಿ, ಹಡಗಿನ ಬಾಡಿಗೆ ಕಳೆಯಿರಿ, ಯೆನ್‌ಗೆ ತಿರುಗಿಸಿ, ಜಪಾನಿನ ಖರ್ಚು ಕಳೆಯಿರಿ. ಉಳಿದದ್ದೇ ನಿಮ್ಮ ಮಿತಿ. ಟೋಕಿಯೊದ ಬೆಳಗ್ಗೆ ಎಂದರೆ ನಮಗಿಲ್ಲಿ ಮಧ್ಯರಾತ್ರಿ. ನಿದ್ದೆಗಣ್ಣಿನಲ್ಲಿ ಫೋನಿನಲ್ಲಿ ‘ಇನ್ನೊಂದು ಐವತ್ತು ಸಾವಿರ ಹಾಕಿ’ ಎನ್ನುವ ಪರಿಸ್ಥಿತಿ ತಂದುಕೊಳ್ಳಬೇಡಿ. ನನಗೆ ಆರನೆಯ ಪ್ರಯತ್ನದಲ್ಲಿ ಗಾಡಿ ಸಿಕ್ಕಿತು. ಐದು ಸೋತದ್ದಕ್ಕೆ ಒಂದು ಪೈಸೆಯೂ ನಷ್ಟವಾಗಲಿಲ್ಲ.

ಹಡಗು

ಗಾಡಿಯನ್ನು ಓಡಿಸಿಕೊಂಡೇ ಒಳಗೆ ನಿಲ್ಲಿಸುವ ರೋರೋ ಹಡಗು ಅಗ್ಗ, ಕಂಟೇನರ್ ಸುರಕ್ಷಿತ. ಸಾಧಾರಣ ಗಾಡಿಗೆ ರೋರೋ ಸಾಕು. ಯೊಕೊಹಾಮಾ, ನಗೋಯಾ, ಕೋಬೆಗಳಿಂದ ಹೊರಟ ಗಾಡಿಗಳು ಸೌತಾಂಪ್ಟನ್, ಬ್ರಿಸ್ಟಲ್ ಮೊದಲಾದ ಬಂದರುಗಳಿಗೆ ಬರುತ್ತವೆ. ಆರರಿಂದ ಎಂಟು ವಾರ ಹಿಡಿಯಿರಿ. ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದ 2023ರ ಕೊನೆಯಿಂದ ಬಹಳಷ್ಟು ಹಡಗುಗಳು ಆಫ್ರಿಕಾದ ತುದಿಯನ್ನು ಬಳಸಿ ಬರುತ್ತಿದ್ದುದರಿಂದ ಪ್ರಯಾಣ ಇನ್ನೂ ಉದ್ದವಾಯಿತು. ಸಾಗರ ವಿಮೆ ಮಾಡಿಸಿ.

ಈ ಅವಧಿಯಲ್ಲಿ ಕೊರಿಯರ್ ಮೂಲಕ ನಿಮ್ಮ ಕೈಸೇರಬೇಕಾದ ಕಾಗದ ಮೂರು: ಮೂಲ ರಫ್ತು ಪ್ರಮಾಣಪತ್ರ ಮತ್ತು ಅದರ ಇಂಗ್ಲಿಷ್ ಅನುವಾದ, ಬಿಲ್ ಆಫ್ ಲೇಡಿಂಗ್ ಎಂಬ ಹಡಗು ಸಾಗಣೆಯ ದಾಖಲೆ, ಖರೀದಿಯ ಬಿಲ್ಲು. ಬಂದ ಕೂಡಲೇ ಚಾಸಿ ನಂಬರನ್ನು ಮೂರರಲ್ಲೂ ಅಕ್ಷರಕ್ಕಕ್ಷರ ಹೋಲಿಸಿ. ಜಪಾನಿನ ಗಾಡಿಗೆ ಹದಿನೇಳು ಅಂಕಿಯ ನಂಬರ್ ಇರುವುದಿಲ್ಲ, ‘ಎಎನ್‌ಎಚ್20’ ಎಂಬಂಥ ಮಾದರಿ ಸಂಕೇತ, ಒಂದು ಅಡ್ಡಗೆರೆ, ಆಮೇಲೆ ಏಳು ಅಂಕಿ. ಒಂದು ಅಂಕಿ ತಪ್ಪಿದರೂ ನೋಂದಣಿ ನಿಂತುಹೋಗುತ್ತದೆ. ಗಾಡಿ ಕಡಲಿನಲ್ಲಿರುವಾಗ ತಿದ್ದಿಸುವುದು ಸುಲಭ.

ಸುಂಕ ಮತ್ತು ನೋವಾ

ಬಂದರಿನಲ್ಲಿ ಕಸ್ಟಮ್ಸ್ ಏಜೆಂಟರೊಬ್ಬರನ್ನು ಇಟ್ಟುಕೊಳ್ಳಿ, ಇದರಲ್ಲಿ ಹಣ ಉಳಿಸಲು ಹೋಗಬೇಡಿ. ಬ್ರಿಟನ್–ಜಪಾನ್ ವ್ಯಾಪಾರ ಒಪ್ಪಂದದಲ್ಲಿ ಜಪಾನ್ ಮೂಲದ ಕಾರಿಗೆ ಸುಂಕದ ರಿಯಾಯಿತಿ ಉಂಟು. ಆದರೆ ಅದಕ್ಕೆ ಮೂಲದ ದೃಢೀಕರಣ ಬೇಕು, ಹರಾಜಿನ ಹಳೆಯ ಗಾಡಿಗೆ ಅದು ಸಿಗುವುದು ಕಷ್ಟ. ಏಜೆಂಟರನ್ನು ಕೇಳಿ ನೋಡಿ, ಲೆಕ್ಕದಲ್ಲಿ ಮಾತ್ರ 10% ಇಟ್ಟುಕೊಳ್ಳಿ. ಬಿಲ್ಲಿನಲ್ಲಿ ಬೆಲೆ ಕಡಿಮೆ ತೋರಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಅಪರಾಧ, ಸಿಕ್ಕಿಬಿದ್ದರೆ ಗಾಡಿಯೂ ಹೋಗುತ್ತದೆ.

ಗಾಡಿ ಬಂದ 14 ದಿನಗಳೊಳಗೆ ‘ನೋವಾ’ ವ್ಯವಸ್ಥೆಯಲ್ಲಿ ಎಚ್‌ಎಂಆರ್‌ಸಿಗೆ ತಿಳಿಸಬೇಕು. ಇದು ಆಗದೆ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎ ಗಾಡಿಯನ್ನು ನೋಂದಾಯಿಸುವುದಿಲ್ಲ. ತಡವಾದರೆ ದಂಡ.

ಜಪಾನಿನಲ್ಲೇ ಕೆಲಸ ಮಾಡುತ್ತಿದ್ದು ಈಗ ಬ್ರಿಟನ್ನಿಗೆ ವರ್ಗವಾಗಿ ಬರುತ್ತಿರುವ ಕನ್ನಡಿಗರಿಗೆ ಒಳ್ಳೆಯ ದಾರಿಯೊಂದಿದೆ. ಅಲ್ಲಿ 12 ತಿಂಗಳು ವಾಸವಿದ್ದು, ಗಾಡಿಯನ್ನು ಆರು ತಿಂಗಳಾದರೂ ಇಟ್ಟುಕೊಂಡು ಬಳಸಿದ್ದರೆ, ವಾಸಸ್ಥಳ ಬದಲಾವಣೆಯ ವಿನಾಯಿತಿಯಲ್ಲಿ ಸುಂಕ, ವ್ಯಾಟ್ ಎರಡೂ ಇಲ್ಲದೆ ತರಬಹುದು. ಬಂದ ಮೇಲೆ 12 ತಿಂಗಳು ಮಾರುವಂತಿಲ್ಲ. ಅರ್ಜಿಯನ್ನು ಗಾಡಿ ಹಡಗು ಹತ್ತುವ ಮೊದಲೇ ಹಾಕಿ.

‘ಹಾಗೆಯೇ ಬೆಂಗಳೂರಿಗೂ ಕಳಿಸಬಹುದಲ್ಲ?’ ಎಂದು ಊರಿನ ಗೆಳೆಯರು ಕೇಳುತ್ತಾರೆ. ಭಾರತಕ್ಕೆ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸುಂಕ ಗಾಡಿಯ ಬೆಲೆಗಿಂತ ಹೆಚ್ಚು. ಯೆನ್ ಎಷ್ಟು ಇಳಿದರೂ ಆ ಲೆಕ್ಕ ಕೂಡಿಬರುವುದಿಲ್ಲ.

ಎಂಒಟಿ, ವಿಮೆ, ನೋಂದಣಿ

ನಂಬರ್ ಇಲ್ಲದ ಗಾಡಿಗೆ ಚಾಸಿ ನಂಬರಿನ ಮೇಲೆ ವಿಮೆ ಕೊಡುವ ಕಂಪನಿಗಳನ್ನು ಮೊದಲೇ ಹುಡುಕಿಡಿ. ದರ ಹೋಲಿಸುವ ಸಾಮಾನ್ಯ ತಾಣಗಳಲ್ಲಿ ಇದು ಸಿಗುವುದು ಅಪರೂಪ, ಆಮದು ಗಾಡಿಗಳ ವಿಮೆಯನ್ನೇ ಮಾಡುವ ದಲ್ಲಾಳಿಗಳಿಗೆ ಫೋನ್ ಮಾಡಿ. ವಿಮೆ ಇದ್ದರೆ, ಮೊದಲೇ ಸಮಯ ಗೊತ್ತುಪಡಿಸಿದ ಎಂಒಟಿ ಪರೀಕ್ಷೆಗೆ ಗಾಡಿಯನ್ನು ಓಡಿಸಿಕೊಂಡು ಹೋಗಬಹುದು.

ಪರೀಕ್ಷೆಗೆ ಮುನ್ನ ಹಿಂಬದಿಯ ಮಂಜಿನ ದೀಪ ಹಾಕಿಸಿ. ಜಪಾನಿನ ಬಹುಪಾಲು ಗಾಡಿಗಳಲ್ಲಿ ಅದಿರುವುದಿಲ್ಲ, ಇಲ್ಲಿ ಕಡ್ಡಾಯ, ಮಧ್ಯದಲ್ಲೋ ಚಾಲಕನ ಬದಿಯಲ್ಲೋ ಇರಬೇಕು. ಸ್ಪೀಡೋಮೀಟರ್ ಮೈಲಿಯಲ್ಲಿ ತೋರಿಸುವಂತೆ ಮಾಡಿಸಿ. ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿ, ಕೊನೆಯ ಎರಡು ತಯಾರಾದ ವರ್ಷ. ಹಳೆಯದಾದರೆ ಟೈರಿನ ಮೇಲಿನ ತೋಡುಗಳು ಆಳವಿದ್ದರೂ ಬದಲಿಸಿ.

ಆಮೇಲೆ ‘ವಿ55/5’ ನಮೂನೆಯನ್ನು ತುಂಬಿ, ಮೂಲ ರಫ್ತು ಪ್ರಮಾಣಪತ್ರ, ಅನುವಾದ, ಎಂಒಟಿ, ಗುರುತಿನ ಮತ್ತು ವಿಳಾಸದ ದಾಖಲೆ, 55 ಪೌಂಡ್ ನೋಂದಣಿ ಶುಲ್ಕ, ರಸ್ತೆ ತೆರಿಗೆ ಎಲ್ಲವನ್ನೂ ಸ್ವಾನ್ಸಿಯ ಡಿವಿಎಲ್‌ಎಗೆ ಅಂಚೆಯಲ್ಲಿ ಕಳಿಸಿ. ತಲುಪಿದ್ದು ದಾಖಲಾಗುವಂಥ ಅಂಚೆಯೇ ಆಗಬೇಕು. ಲಕೋಟೆ ಮುಚ್ಚುವ ಮುನ್ನ ಪ್ರತಿ ಪುಟದ ಎರಡೂ ಬದಿಯ ಚಿತ್ರ ತೆಗೆದಿಟ್ಟುಕೊಳ್ಳಿ. ನಮೂನೆಯಲ್ಲಿ ಗೊತ್ತಿಲ್ಲದ ಅಂಕಿಯನ್ನು ಊಹಿಸಿ ಬರೆಯಬೇಡಿ, ಖಾಲಿ ಬಿಡಿ. ನಂಬರ್ ಬರಲು ಕೆಲವು ವಾರ ಹಿಡಿಯುತ್ತದೆ. ಅಷ್ಟು ದಿನ ಗಾಡಿ ಸ್ವಂತ ಜಾಗದಲ್ಲಿ ನಿಂತಿರಬೇಕು.

ಮೊದಲ ಚಳಿಗಾಲಕ್ಕೆ ಮುನ್ನ

ಇಲ್ಲಿನ ರಸ್ತೆಗಳಿಗೆ ಚಳಿಗಾಲದುದ್ದಕ್ಕೂ ಉಪ್ಪು ಸುರಿಯುತ್ತಾರೆ. ದಕ್ಷಿಣ ಜಪಾನಿನ ಗಾಡಿಯ ಅಡಿಭಾಗ ಉಪ್ಪನ್ನೇ ಕಂಡಿರುವುದಿಲ್ಲ, ರಕ್ಷಣೆಯ ಲೇಪನವೂ ಇರುವುದಿಲ್ಲ. ಹಬೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮೇಣದಂಥ ಲೇಪನವನ್ನು ಟೊಳ್ಳು ಭಾಗಗಳ ಒಳಕ್ಕೂ ಹಾಯಿಸುವವರ ಬಳಿ ಮಾಡಿಸಿ. ನನಗೆ ಅದಕ್ಕೆ ಹಣ ಇದ್ದದ್ದು ದರದಲ್ಲಿ ಉಳಿದದ್ದರಿಂದಲೇ. ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್, ಬ್ರೇಕ್ ಆಯಿಲ್, ಕೂಲಂಟ್ ಎಲ್ಲವನ್ನೂ ಒಮ್ಮೆಗೇ ಬದಲಿಸಿ, ಹಿಂದಿನವರು ಯಾವಾಗ ಬದಲಿಸಿದರೆಂಬ ಪ್ರಶ್ನೆಯೇ ಉಳಿಯದಂತೆ.

ಜಪಾನಿನ ಹಳೆಯ ಗಾಡಿಗಳ ಎಫ್ಎಂ ರೇಡಿಯೊ 76 ಮೆಗಾಹರ್ಟ್ಜಿನಿಂದ ಶುರುವಾಗಿ 90ರಲ್ಲೇ ನಿಲ್ಲುತ್ತದೆ, ಇಲ್ಲಿನ ನಿಲಯಗಳಲ್ಲಿ ಹೆಚ್ಚಿನವು ಅದರ ಮೇಲಿವೆ. ಆಂಟೆನಾ ತಂತಿಗೆ ಸಿಕ್ಕಿಸುವ ಚಿಕ್ಕ ಪರಿವರ್ತಕ ಸಾಕು. ಗಾಡಿ ಚಾಲೂ ಮಾಡಿದಾಗಲೆಲ್ಲ ಹೆಣ್ಣುದನಿಯೊಂದು ಜಪಾನಿಯಲ್ಲಿ ಏನೋ ಹೇಳಿದರೆ ಗಾಬರಿ ಬೇಡ. ಅದು ಅಲ್ಲಿನ ಟೋಲ್ ಪೆಟ್ಟಿಗೆ, ಕಾರ್ಡ್ ಹಾಕಿಲ್ಲ ಎನ್ನುತ್ತಿರುತ್ತದೆ. ತಂತಿ ಕಿತ್ತರೆ ಸುಮ್ಮನಾಗುತ್ತದೆ. ನಮ್ಮ ಮನೆಯಲ್ಲಿ ಅಮ್ಮ ಬೇಡವೆಂದರು, ಮೊಮ್ಮಗಳೊಂದಿಗೆ ಕೂತು ಆ ಮಾತನ್ನು ಹಾಗೆಯೇ ತಿರುಗಿ ಹೇಳುವುದು ಅವರಿಗೆ ಇಷ್ಟ.

ಕೊನೆಯ ಕೆಲಸ, ಕಡತ. ಹರಾಜು ಹಾಳೆ, ರಫ್ತು ಪ್ರಮಾಣಪತ್ರದ ಪ್ರತಿ, ಸುಂಕದ ರಸೀದಿ, ಲೇಪನದ ಚಿತ್ರಗಳು ಎಲ್ಲವನ್ನೂ ಒಂದು ಫೈಲಿನಲ್ಲಿ ಇಡಿ. ನಾಲ್ಕೈದು ವರ್ಷದ ಮೇಲೆ ಗಾಡಿ ಮಾರಲು ಹೊರಟಾಗ ಬಂದವರು ಮೊದಲು ಕೇಳುವುದು ಆ ಹರಾಜು ಹಾಳೆಯನ್ನು, ಎರಡನೆಯದಾಗಿ ಮೊಣಕಾಲೂರಿ ಬಗ್ಗಿ ನೋಡುವುದು ಅಡಿಭಾಗವನ್ನು.